ಪುಟ ಇಪ್ಪತ್ಮೂರರ ತಪ್ಪು

ಹಲೋ. ರೆಕಾರ್ಡ್ ಆಗ್ತಿದೆಯಾ? ಕೆಂಪು ಚುಕ್ಕೆ ಕಾಣ್ತಿದೆ, ಅಂದ್ರೆ ಆಗ್ತಿದೆ.

ನೋಡ್ರಪ್ಪಾ, ನೆನ್ನೆ ಸಂಘದ ಗ್ರೂಪಲ್ಲಿ ಯಾರೋ ಒಬ್ಬ ನನ್ನ ಬಗ್ಗೆ ಬರೆದಿದ್ದಾನೆ, ಹಿರಿಯರಿಗೆ ವಯಸ್ಸಾಯ್ತು, ನೆನಪೆಲ್ಲ ಕಲಸುಮೇಲೋಗರ, ಸದಸ್ಯರ ಪಟ್ಟಿ ತೆಗೆದು ನೋಡಿದೆ, ಪುಟ ಇಪ್ಪತ್ಮೂರರಲ್ಲಿ ಅವರು ಹೇಳೋ ಸಾಲೇ ಇಲ್ಲ ಅಂತ. ಅದರ ಕೆಳಗೆ ನಾಲ್ಕು ಜನ ಹೆಬ್ಬೆಟ್ಟು ಒತ್ತಿದ್ದೀರಿ. ಕಾಪಿ ಎಡಿಟರ್‌ಗಳು, ಓದು ಬರಹ ಬಲ್ಲವರು, ಹೆಬ್ಬೆಟ್ಟು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನೀವು. ಅವನು ನೋಡಿದ್ದು ಎಷ್ಟನೇ ಮುದ್ರಣ ಅಂತ ಒಬ್ಬರಾದ್ರೂ ಕೇಳಿದ್ರಾ? ಮೊದಲನೇದು ಇಲ್ಲಿದೆ, ನನ್ನ ತೊಡೆ ಮೇಲೆ. ಕೇಳಿ, ಪುಟ ತಿರುಗಿಸ್ತೀನಿ... ಕೇಳಿಸ್ತಾ? ಇದು ಇಪ್ಪತ್ಮೂರು.

ಬಾಯಿ ಮುಚ್ಕೊಂಡು ಕೇಳಿ ಈಗ.

ಆಗ ಸಂಘ ಇದ್ದಿದ್ದು ಸೈಕಲ್ ರಿಪೇರಿ ಅಂಗಡಿ ಮೇಲಿನ ರೂಮಲ್ಲಿ. ಒಂದು ಉದ್ದ ಮೇಜು. ಒಂದು ಕಿಟಕಿ. ಪೆನ್ಸಿಲ್‌ಗಳನ್ನ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ರು, ಯಾಕಂದ್ರೆ ನಮ್ಮೋರಷ್ಟು ಪೆನ್ಸಿಲ್ ಕಳ್ಳರು ಲೋಕದಲ್ಲಿಲ್ಲ. ಕೆಳಗಡೆ ಟ್ಯೂಬಿಗೆ ಗಾಳಿ ಹೊಡೆಯೋ ಸದ್ದು, ಮೇಲೆ ನಾವು ಬೇರೆಯವರ ತಪ್ಪು ಹುಡುಕೋ ಸದ್ದು.

ನಾನು ತಿದ್ದುತ್ತಿದ್ದಿದ್ದು ಔಷಧಿ ಡಬ್ಬಿಯೊಳಗೆ ಮಡಚಿ ಇಡ್ತಾರಲ್ಲ, ಆ ಚೀಟಿ. ಒಂದು ಸೊನ್ನೆ ಹೆಚ್ಚಾದ್ರೆ ರೋಗಿ ಮೇಲೆ ಹೋಗ್ತಾನೆ. ಸಂಘದ ಕಾರ್ಯದರ್ಶಿ ಒಬ್ಬ ಹೆಂಗಸು, ಅವರು ತಿದ್ದುತ್ತಿದ್ದಿದ್ದು ರೈಲಿನ ವೇಳಾಪಟ್ಟಿ. ಒಂದು ಸೊನ್ನೆ ತಪ್ಪಿದ್ರೆ ಇಡೀ ಊರು ಪ್ಲಾಟ್‌ಫಾರಂ ಮೇಲೆ. ಅವರಿಗೆ ನಾವು ಇಟ್ಟಿದ್ದ ಹೆಸರು ಕತ್ತರಿ. ಯಾರ ಮಾತು ಉದ್ದ ಆದ್ರೂ ಕನ್ನಡಕದ ಮೇಲಿಂದ ಒಂದು ಸಲ ನೋಡ್ತಿದ್ರು, ಮಾತು ಅಲ್ಲೇ ತುಂಡು. ನನ್ನನ್ನ ಅವರು ನೋಡಿದಷ್ಟು ಸಲ ಇನ್ಯಾರನ್ನೂ ನೋಡಿರಲಿಲ್ಲ. ನನ್ನ ಬಾಯಿ ನಿಮಗೇ ಗೊತ್ತಲ್ಲ. ಬೇಕೂಂತ್ಲೇ ಉದ್ದ ಮಾಡ್ತಿದ್ದೆ ಅಂತ ಈಗ ಹೇಳಿದ್ರೆ ತಪ್ಪೇನಿಲ್ಲ.

ಅವರು ನಕ್ಕಿದ್ದು ನಾನು ಕಂಡಿದ್ದು ಎರಡು ಸಲ.

ಮೊದಲನೇದು, ನಾನು ಸಂಘ ಸೇರಿದ ದಿನ. ನಿಯಮಗಳ ಹಾಳೆ ಕೊಟ್ಟು ಸಹಿ ಮಾಡಿ ಅಂದ್ರು. ನಾನು ಸಹಿ ಮಾಡೋ ಬದಲು ಹನ್ನೊಂದು ಕಡೆ ಗುರುತು ಹಾಕಿ ವಾಪಸ್ ಕೊಟ್ಟೆ. ಅದನ್ನ ಬರೆದೋರು ಅವರೇ ಅಂತ ನನಗೇನು ಗೊತ್ತು. ಹತ್ತು ಒಪ್ಪಿಕೊಂಡ್ರು. ಹನ್ನೊಂದನೇದಕ್ಕೆ ಎರಡು ಗಂಟೆ ಜಗಳ ಆಡಿದ್ವಿ. ಕೊನೆಗೆ ಇಬ್ಬರಿಗೂ ಗಂಟಲು ಒಣಗಿ, ಒಂದೇ ಲೋಟದ ನೀರಿಗೆ ಇಬ್ಬರೂ ಕೈ ಚಾಚಿದಾಗ ನಕ್ಕುಬಿಟ್ಟರು. ಎಡಗೆನ್ನೆಯಲ್ಲಿ ಒಂದು ಗುಳಿ. ಒಂದೇ. ಬಲಗಡೆ ಇಲ್ಲ. ಇಂಥದ್ದನ್ನ ಯಾರೂ ಸರಿಮಾಡಬಾರದು ಅಂತ ಅವತ್ತು ನನಗೆ ಅನ್ನಿಸಿತು.

ಎರಡನೇದು ವಾರ್ಷಿಕ ಸಭೆಯಲ್ಲಿ. ನಮ್ಮ ಪದ್ಧತಿ ಹಳಬರಿಗೆ ಗೊತ್ತು, ಹೊಸಬರಿಗೆ ಹೇಳ್ತೀನಿ. ಪ್ರತಿಯೊಬ್ಬರೂ ಎದ್ದು ನಿಂತು, ಆ ವರ್ಷ ತಮ್ಮ ಕೈಯಿಂದ ಅಚ್ಚಾದ ತಪ್ಪನ್ನ ಗಟ್ಟಿಯಾಗಿ ಓದಿ, ‘ಇದು ನನ್ನದು’ ಅನ್ನಬೇಕು. ಯಾರ ಬಗ್ಗೆ ತಪ್ಪಾಗಿದೆಯೋ ಅವರು ಅಲ್ಲಿದ್ರೆ, ಹೇಗೆ ತಿದ್ದಬೇಕು ಅಂತ ಹೇಳೋ ಹಕ್ಕು ಅವರದು. ಆ ವರ್ಷ ಅಧ್ಯಕ್ಷರು, ಪಾಪ, ಜೂನ್ ತಿಂಗಳಿಗೆ ಮೂವತ್ತೊಂದು ದಿನ ಕೊಟ್ಟ ಕ್ಯಾಲೆಂಡರ್ ಎತ್ತಿ ತೋರಿಸಿ, ಒಬ್ಬ ನೌಕರ ಆ ಮೂವತ್ತೊಂದಕ್ಕೆ ರಜೆ ಬರೆದುಕೊಟ್ಟು ಮಂಜೂರೂ ಮಾಡಿಸ್ಕೊಂಡ ಅಂತ ಹೇಳಿದ್ರು. ಕತ್ತರಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೈ ಸಾಕಾಗಲಿಲ್ಲ, ಗುಳಿ ಕಾಣಿಸ್ತು.

ಹೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಬೇರೆ ಎಲ್ಲಾ ಮಾತೂ ಬರುತ್ತೆ, ಇದೊಂದು ಬಾಯಿಗೆ ಬಂದ್ರೆ ಉಗುಳು ನುಂಗ್ತಿದ್ದೆ. ಅಷ್ಟರಲ್ಲಿ ಸುದ್ದಿ ಬಂತು. ವೇಳಾಪಟ್ಟಿಯ ಕಚೇರಿ ಬೇರೆ ಊರಿಗೆ ಹೋಗ್ತಿದೆ, ಅವರೂ ಹೋಗ್ತಾರೆ, ಮರು ವರ್ಷದ ವಾರ್ಷಿಕ ಸಭೆ ಭಾನುವಾರ, ಸೋಮವಾರ ಬೆಳಿಗ್ಗೆ ರೈಲು. ನನಗೆ ಆ ಸಭೆವರೆಗೆ ಟೈಮು, ಆಮೇಲೆ ಇಲ್ಲ.

ಅದೇ ಹೊತ್ತಿಗೆ ಸದಸ್ಯರ ಪಟ್ಟಿ ಮಾಡೋ ಕೆಲಸ ನನ್ನ ತಲೆಗೆ ಕಟ್ಟಿದ್ರು. ನಲವತ್ತಾರು ಜನ. ಪ್ರತಿಯೊಬ್ಬರ ಹೆಸರು, ವಿಳಾಸ, ಏನು ತಿದ್ದುತ್ತಾರೆ, ಕೆಳಗೆ ಅವರವರೇ ಬರೆದುಕೊಡೋ ಎರಡು ಸಾಲಿನ ಪರಿಚಯ. ನಲವತ್ತೈದು ಬಂತು. ಬಾರದೇ ಇದ್ದದ್ದು ಕಾರ್ಯದರ್ಶಿದು. ಎಲ್ಲರ ಬೆನ್ನು ಹತ್ತಿ ವಸೂಲಿ ಮಾಡಿದ್ದು ಅವರೇ, ತಮ್ಮದು ಕೊಡಲಿಲ್ಲ. ದೀಪದ ಬುಡ ಕತ್ತಲೆ. ಮೂರು ಸಲ ಕೇಳಿದೆ. ಸದ್ಯಕ್ಕೆ ಏನಾದ್ರೂ ಹಾಕಿಟ್ಟಿರಿ, ಆಮೇಲೆ ಕೊಡ್ತೀನಿ ಅಂದ್ರು.

ಹಾಕಿಟ್ಟೆ.

ಜಾಗ ಹಿಡಿಯೋಕೆ ಹಾಕೋ ಡಮ್ಮಿ ಸಾಲು ಹೇಗಿರ್ಬೇಕು? ಹುಚ್ಚುಚ್ಚಾಗಿರ್ಬೇಕು. ಕಕಕಕ ಅಂತಲೋ, ಬಾಳೆಹಣ್ಣು ಬಾಳೆಹಣ್ಣು ಅಂತಲೋ. ಕಣ್ಣಿಗೆ ರಪ್ ಅಂತ ಹೊಡೀಬೇಕು, ಆಗ ತಾನೆ ತೆಗೀತೀವಿ. ಮೊದಲ ದಿನ ಹೇಳಿಕೊಡೋ ಪಾಠ ಇದು. ನಾನು ಏನು ಮಾಡ್ದೆ? ನಿಜ ಹಾಕಿದೆ. ನಿಜ ಕಣ್ಣಿಗೆ ಹೊಡೆಯಲ್ಲ ಕಣ್ರೋ, ಬೇರೆ ಸಾಲುಗಳ ನಡುವೆ ತಣ್ಣಗೆ ಕೂತುಬಿಡುತ್ತೆ. ಹೊಂಚು ಗಿಂಚು ಏನೂ ಇರಲಿಲ್ಲ, ನಿಮ್ಮಾಣೆ. ಬೆಳಿಗ್ಗೆ ತೆಗೀತೀನಿ ಅಂತಲೇ ಹಾಕಿದ್ದು.

ಮರೆತೆ.

ನೀವು ಕೇಳ್ತೀರಿ, ಪ್ರೂಫ್ ನೋಡಲಿಲ್ವಾ ಅಂತ. ನೋಡಿದೆ. ತಾನು ಬರೆದದ್ದು ತನ್ನ ಕಣ್ಣಿಗೆ ಬೀಳಲ್ಲ, ಅದಕ್ಕೇ ಅಲ್ವಾ ಪ್ರತಿ ಪುಟಕ್ಕೂ ಎರಡನೇ ಓದುಗರು, ಮೂಲೆಯಲ್ಲಿ ಅವರ ಸಹಿ. ಯಾವ ಪುಟ ಯಾರಿಗೆ ಹೋಗುತ್ತೆ ಅನ್ನೋದು ಅಧ್ಯಕ್ಷರಿಗೆ ಮಾತ್ರ ಗೊತ್ತು. ಪುಟ ಇಪ್ಪತ್ಮೂರು ಯಾರ ಕೈಗೆ ಹೋಯ್ತೋ, ಅವರೂ ಬಿಟ್ಟಿದ್ರು.

ಭಾನುವಾರ ಬೆಳಿಗ್ಗೆ ಪ್ರೆಸ್‌ನವರು ಒಂದು ಪ್ರತಿ ಮನೆಗೆ ಕಳಿಸಿದ್ರು. ತಿಂಡಿ ತಿನ್ನೋವಾಗ ತೆಗೆದೆ. ಆ ಸಾಲು ಹಾಗೇ ಅಚ್ಚಾಗಿದೆ. ಅಕ್ಕ ಕೈಯಿಂದ ಕಿತ್ಕೊಂಡು ಓದಿದಳು, ಓದಿ ಮುಗಿಸಿ ನನ್ನ ತಟ್ಟೆಗೆ ಇನ್ನೊಂದು ಬ್ರೆಡ್ಡು ಹಾಕಿದಳು. ಬಾಯಲ್ಲಂತೂ ಹೇಳೋ ಗಂಡಸಲ್ಲ ನೀನು, ಅಚ್ಚಾದ್ರೂ ಆಯ್ತಲ್ಲ, ತಿನ್ನು ಅಂದಳು.

ಓಡಿದೆ. ಪುಸ್ತಕಗಳನ್ನ ಬಚ್ಚಿಡೋಣ ಅಂತ. ಮೆಟ್ಟಿಲು ಹತ್ತಿ ನೋಡಿದ್ರೆ, ನಲವತ್ತಾರು ಕುರ್ಚಿ ಮೇಲೆ ನಲವತ್ತಾರು ಪ್ರತಿ. ಅರ್ಧ ಜನ ಆಗಲೇ ಕೂತು ಓದ್ತಿದ್ದಾರೆ. ತಪ್ಪು ಹುಡುಕೋದಕ್ಕೆ ಅಂತಲೇ ಹುಟ್ಟಿದ ಜನ.

ಕತ್ತರಿ ಮೇಜಿನ ಆ ತುದಿಯಲ್ಲಿ ಕೂತಿದ್ರು. ನೀಲಿ ಬಟ್ಟೆ. ಕಾರ್ಯದರ್ಶಿ ಸ್ಥಾನದ ರಾಜೀನಾಮೆ ಪತ್ರ ಮುಂದೆ ಇತ್ತು. ತಲೆ ಎತ್ತಲಿಲ್ಲ.

ಸರದಿ ಬಂತು. ಎದ್ದು ನಿಂತು ಓದಿದೆ: ‘ನಾನು ಸಂಘಕ್ಕೆ ಬಂದ ಮೇಲೆ ಇವರು ನಕ್ಕಿದ್ದು ಎರಡೇ ಸಲ. ಎರಡೂ ಸಲ ನಾನು ಎದುರಿಗಿದ್ದೆ. ಮೂರನೆಯದಕ್ಕೆ ಕಾಯುತ್ತಿದ್ದೇನೆ.’ ಆಮೇಲೆ, ಇದು ನನ್ನದು ಅಂದೆ.

ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯೋನೂ ನಿಲ್ಲಿಸಿದ್ದ ಅನ್ಸುತ್ತೆ.

ಅಧ್ಯಕ್ಷರು, ಕಾರ್ಯದರ್ಶಿಗಳೇ, ತಪ್ಪಾಗಿರೋದು ನಿಮ್ಮ ಬಗ್ಗೆ, ನೀವೇ ಹೇಳಬೇಕು ಅಂದ್ರು. ಅವರು ಕನ್ನಡಕ ತೆಗೆದು ಒರೆಸಿದ್ರು. ಹಾಕ್ಕೊಂಡ್ರು. ಪುಟ ಇಪ್ಪತ್ಮೂರು ತೆಗೆದು ಮೊದಲ ಸಲ ನೋಡೋ ಹಾಗೆ ಓದಿದ್ರು.

“ತಪ್ಪಿದೆ,” ಅಂದ್ರು.

ನಾನು ಕುರ್ಚಿ ಬೆನ್ನು ಹಿಡ್ಕೊಂಡೆ.

“ಸಂಖ್ಯೆ ತಪ್ಪು. ಎರಡಲ್ಲ, ಮೂರು. ಮೂರನೇ ಸಲ ನಾನು ನಕ್ಕಾಗ ಇವರು ಕಿಟಕಿ ಹತ್ತಿರ ನನಗೆ ಬೆನ್ನು ಹಾಕಿ ಪೆನ್ಸಿಲ್ ಕೆತ್ತುತ್ತಿದ್ರು. ಈ ಪುಟದ ಪ್ರೂಫ್ ನನ್ನ ಮುಂದಿತ್ತು.”

ಅಧ್ಯಕ್ಷರು ಚೀಲದಿಂದ ಪ್ರೂಫ್ ಕಟ್ಟು ತೆಗೆದು ಬಿಚ್ಚಿದ್ರು. ಮೂಲೆಯಲ್ಲಿ ಸಹಿ. ಕಾರ್ಯದರ್ಶಿದೇ. ಕಂಡೂ ಯಾಕೆ ಬಿಟ್ರಿ, ಇದೆಂಥ ಕೆಲಸ ಅಂತ ಅಧ್ಯಕ್ಷರು ಸ್ವಲ್ಪ ಬಿರುಸಾಗೇ ಕೇಳಿದ್ರು.

“ಬರೆದವರನ್ನ ಕೇಳದೆ ತಿದ್ದಬಾರದು ಅಂತ ನಮ್ಮ ನಿಯಮ ಇದೆ. ಕೇಳೋದಕ್ಕೆ ನನಗೆ ನಾಚಿಕೆ ಆಯ್ತು.” ಪದ್ಧತಿ ಪ್ರಕಾರ ನೆಟ್ಟಗೆ ನಿಂತರು. “ಇದು ನನ್ನದೂ.”

ಅಂದವರು ನಕ್ಕರು. ಕೈ ಅಡ್ಡ ಹಿಡೀಲಿಲ್ಲ.

ಆಮೇಲೆ ಮೆಟ್ಟಿಲ ಮೇಲೆ ಇಬ್ಬರೇ ಸಿಕ್ಕಾಗ ನಾನು ಹವಾಮಾನ, ಸೈಕಲ್ಲು, ಮುದ್ರಣದ ಮಸಿ, ಎಲ್ಲದರ ಬಗ್ಗೆ ಮಾತಾಡಿದೆ. ಕನ್ನಡಕದ ಮೇಲಿಂದ ನೋಡಿದ್ರು. ಮಾತು ತುಂಡಾಯ್ತು. ನಾಳೆ ಹೋಗಲೇಬೇಕಾ ಅಂದೆ. ಹೋಗಲೇಬೇಕು, ಒಳ್ಳೇ ಕೆಲಸ, ಬಿಡಲ್ಲ ಅಂದ್ರು. ಅವರು ಹಾಗೆ ಅನ್ನದಿದ್ರೆ ಅವರಲ್ಲ. ಆಮೇಲೆ ಒಂದು ಮೆಟ್ಟಿಲು ಕೆಳಗಿಳಿದು, ನನ್ನ ಅಂಗಿ ತೋಳಿಗೆ ಅಂಟಿದ್ದ ಪೆನ್ಸಿಲ್ ಸಿಪ್ಪೆ ಬೆರಳಲ್ಲಿ ತೆಗೀತಾ ಹೇಳಿದ್ರು:

“ಅಲ್ಲಿಗೆ ಭಾನುವಾರ ಬೆಳಿಗ್ಗೆ ಏಳು ಹದಿನೆಂಟಕ್ಕೆ ಒಂದು ರೈಲಿದೆ. ಟೈಮು ನಾನೇ ನೋಡಿದ್ದು. ತಪ್ಪಿಲ್ಲ.”

ಹದಿನಾಲ್ಕು ಭಾನುವಾರ ಹತ್ತಿದೆ ಆ ರೈಲು. ಔಷಧಿ ಚೀಟಿ ಎಲ್ಲಿ ಕೂತ್ರೂ ತಿದ್ದಬಹುದು ಅಂತ ಬುದ್ಧಿ ಬಂದದ್ದು ಹದಿನೈದನೇದಕ್ಕೆ. ಆ ಸಲ ವಾಪಸ್ ಟಿಕೆಟ್ ತಗೊಳ್ಳಲಿಲ್ಲ. ಜೊತೆಗೆ ಅಕ್ಕ ಬಂದಿದ್ದಳು, ಮದುವೆ ಮಾತು ಮುಗಿಸೋಕೆ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಸಂಘದವರು ನಲವತ್ತಾರು ಪ್ರತಿಗೂ ಚೀಟಿ ಅಂಟಿಸಿದ್ರು. ನನ್ನ ಪ್ರತಿಯಲ್ಲಿ ಈಗಲೂ ಇದೆ, ಗೋಂದು ಹಳದಿಯಾಗಿದೆ, ಓದ್ತೀನಿ: ‘ಪುಟ ಇಪ್ಪತ್ಮೂರು. ಎರಡು ಎಂದಿರುವಲ್ಲಿ ಮೂರು ಎಂದು ಓದಿಕೊಳ್ಳಿ.’ ಮುಂದಿನ ಮುದ್ರಣದಲ್ಲಿ ಆ ಸಾಲೇ ತೆಗೆದ್ರು, ಪಟ್ಟಿಯಲ್ಲಿ ನಮ್ಮಿಬ್ಬರಿಗೂ ಒಂದೇ ವಿಳಾಸ ಬಂತು. ಗ್ರೂಪಲ್ಲಿ ಬರೆದನಲ್ಲ, ಅವನು ನೋಡಿದ್ದು ಅದನ್ನ.

ಈಗ ಎಷ್ಟನೇ ನಗು ಅಂತ ಆಗಲೇ ಕೇಳಿದೆ, ಪಕ್ಕದ ರೂಮಲ್ಲಿ ಇವಳು ಯಾವುದೋ ಹಳೇ ವೇಳಾಪಟ್ಟಿ ಓದ್ತಾ ಕೂತಿದ್ದಾಳೆ. ಲೆಕ್ಕ ಇಟ್ಟಿಲ್ಲ, ನೀವು ಮಾತು ಮುಗಿಸಿ ಅಂದಳು. ಅಂದು ನಕ್ಕಳು. ಇಲ್ಲಿಂದ ಮುಖ ಕಾಣಲ್ಲ. ಆದ್ರೂ ನನಗೆ ಗೊತ್ತು, ಎಡಗಡೆ ಒಂದೇ.

ಸರಿ, ಇದನ್ನ ಹೊಸಬರಿಗೆಲ್ಲ ಕಳಿಸಿ. ಮುಖ್ಯವಾಗಿ, ಹೇಳೋದೊಂದನ್ನ ಹೊಟ್ಟೆಯಲ್ಲಿಟ್ಕೊಂಡು ಆಮೇಲೆ ಆಮೇಲೆ ಅಂತಿರ್ತಾರಲ್ಲ, ಅಂಥವರಿಗೆ. ಕೇಳಿಸಿ, ಬರೆದಿಟ್ಕೊಳ್ಳಿ, ನಿಮ್ಮಿಷ್ಟ. ತಿದ್ದಬೇಡಿ ಮಾತ್ರ. ತಿದ್ದಲೇಬೇಕು ಅನ್ನಿಸಿದ್ರೆ ಮೊದಲು ಇವಳನ್ನ ಕೇಳಿ.