ಕರಜಗಿಯವರು ನೋಡಲು ಬಂದರು

ನಾನು ಒಮ್ಮೆ ನಮ್ಮೂರು ಅಫಜಲಪುರದಲ್ಲಿ ನನ್ನ ಫಟಫಟಿ ಮೋಟಾರ್‌ಸೈಕಲ್ಲನ್ನು ಜೋರಾಗಿ ಓಡಿಸಿದಾಗ, ಅದು ಬಿಟ್ಟ ಹೊಗೆ ಮೋಡವಾಗಿ ಜೇವರ್ಗಿಯಲ್ಲಿ ಮಳೆ ಸುರಿಸಿತ್ತು. ನಂಬದವರು ಜೇವರ್ಗಿಗೆ ಹೋಗಿ ಕೇಳಲಿ. ಅಲ್ಲಿಯವರು ಇಲ್ಲವೆಂದರೆ ಅದು ಅವರ ಹೊಟ್ಟೆಕಿಚ್ಚು.

ಇಂಗ್ಲಿಷರ ಕಾಲದ ಅಂಥ ಗಾಡಿಯನ್ನು ಎಂಬತ್ತಮೂರನೇ ಇಸವಿಯಲ್ಲಿ ಮಾರಲು ಹೊರಟೆ. ಮೊದಲು ಹೇಳಿದ್ದು ಶಾರದಾಬಾಯಿಗೆ. ಆಕೆ ಕರಜಗಿಯಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮೂರ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವಾಕೆ. ಸಿಟ್ಟು ಬಂದರೆ ಎಡಹುಬ್ಬು ಮಾತ್ರ ಏರುತ್ತಿತ್ತು. ಅದು ಏರಿದ ದಿನ ಬಸ್‌ಸ್ಟ್ಯಾಂಡಿನ ಗಡಿಯಾರವೂ ನಿಲ್ಲುತ್ತಿತ್ತು.

“ನಿಮ್ಮಪ್ಪಾರಿಗೆ ಹಳೇ ಗಾಡಿ ಅಂದ್ರ ಜೀವ ಅಂದಿದ್ರಲ್ಲ. ಐತಾರ ನೋಡಾಕ ಕರ್ಕೊಂಡು ಬರ್ರಿ.”

“ಮಾರೋದು ಖರೇನ?”

“ನಾ ಯಾವಾಗ ಸುಳ್ಳು ಹೇಳೇನ್ರಿ?”

“ಬಾಯಿ ತೆಗೆದಾಗೆಲ್ಲ,” ಎಂದಳು. ಹುಬ್ಬು ಏರಿತು. ಆದರೆ ತುಟಿಯ ತುದಿಯಲ್ಲಿ ನಗು ಸಿಕ್ಕಿಕೊಂಡಿತ್ತು.

ಮನೆಯಲ್ಲಿ ಅವ್ವನಿಗೆ ಇಷ್ಟೇ ಹೇಳಿದೆ: “ಐತಾರ ಕರಜಗಿಯವರು ನೋಡಾಕ ಬರ್ತಾರವ್ವ.” ಏನನ್ನು ಎಂದು ಅವ್ವ ಕೇಳಲಿಲ್ಲ, ನಾನು ಹೇಳಲಿಲ್ಲ. ಮದುವೆಯಾಗದ ಮಗನಿರುವ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ.

ಭಾನುವಾರ ಅವ್ವ ಗುರಮ್ಮ ಜಮಖಾನೆ ಹಾಸಿ, ಶೇಂಗಾ ಹೋಳಿಗೆ ಮಾಡಿ ಕಾದಳು. ಶಾರದಾಳ ಜೊತೆ ಬಂದ ಆಕೆಯ ಅಪ್ಪ ಮಹಾದೇವಪ್ಪ ಕುಳಿತವರೇ ವ್ಯವಹಾರಕ್ಕಿಳಿದರು.

“ವಯಸ್ಸು ಭಾಳ ಆಗ್ಯದ ಅಂತ ಕೇಳೇನಿ.”

“ಯಾರಂದ್ರು ನಿಮಗ? ಇಪ್ಪತ್ತೆಂಟು,” ಎಂದಳು ಅವ್ವ.

“ಇಪ್ಪತ್ತೆಂಟೇನ? ನಲವತ್ತು ದಾಟ್ಯದ ಅಂದ್ಳು ಮಗಳು. ಇರ್ಲಿ. ಮದ್ಲ ಯಾರ್ಯಾರ ಕೈಯಾಗಿತ್ತು?”

ಅವ್ವನ ಮುಖ ಬಿಗಿಯಿತು. “ಯಾರ ಕೈಯಾಗೂ ಇಲ್ರಿ. ನಮ್ಮದು ಮರ್ಯಾದಿ ಮನೆತನ.”

“ಚಲೋ ಆತು. ಎಣ್ಣಿ ಭಾಳ ಕುಡೀತದೇನು?”

ಅವ್ವ ಹೋಳಿಗೆಯ ತಾಟನ್ನು ನೆಲಕ್ಕೆ ಕುಕ್ಕಿದಳು. “ಕುಡೀತದ ಅಂದ್ರ? ನನ್ನ ಮಗ ಏನು ದನಾನ? ಹನಿ ಮುಟ್ಟಂಗಿಲ್ಲ ಅಂವ. ಹೆಣ್ಣು ಕೊಡಾಕ ಬಂದು ಹಿಂಗ ಕೇಳ್ತಾರೇನು?”

“ಹೆಣ್ಣೇನು?” ಮಹಾದೇವಪ್ಪ ಎದ್ದು ನಿಂತರು. “ನಾವು ಗಾಡಿ ನೋಡಾಕ ಬಂದೇವ್ರಿ.”

ಶಾರದಾ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಮರುಕ್ಷಣ ನನ್ನ ಕಡೆ ತಿರುಗಿದಳು. ಆ ನೋಟಕ್ಕೆ ನಮ್ಮ ಮನೆಯ ಕಲ್ಲಿನ ಗೋಡೆ ಬಿಸಿಯಾದದ್ದು ನನಗೆ ಗೊತ್ತು.

“ಏನ್ರಿ ಇದು? ನಾಳೆ ಊರಾಗ ನನ್ನ ಹೆಸರು ಏನಾಗಬೇಕು?”

“ನಂದೇನು ತಪ್ಪಿಲ್ರಿ. ಅವ್ವ ತಪ್ಪು ತಿಳ್ಕೊಂಡಾಳ.”

ಅಷ್ಟು ಹೇಳಬಾರದಿತ್ತು. ಅವ್ವ ಒಳಗೆ ಹೋಗಿ ಒಂದು ಹೊಸ ರವಿಕೆ ಖಣ ತಂದು ನನ್ನ ಮುಂದೆ ಹಿಡಿದಳು.

“ನಾ ತಪ್ಪು ತಿಳ್ಕೊಂಡೆನೇನು? ಹಂಗಾದ್ರ ಬಂದಾಕಿಯ ಉಡಿಗೆ ಹಾಕು ಅಂತ ಈ ಕುಬಸದ ಖಣ ಯಾಕ ತಂದಿ ಲೇ ಚಂದ್ರಾಮ? ಗಾಡಿ ಕೊಳ್ಳೋರಿಗೆ ಉಡಿ ತುಂಬ್ತಾರೇನು? ಹಸಿರೇ ಬೇಕು, ಅಂಚು ಕೆಂಪಿರಬೇಕು ಅಂತ ಊರಿನ ಅಂಗಡಿಯೆಲ್ಲ ತಿರುಗಿದಾಕಿ ನಾನೇನು?”

ನನ್ನ ನಾಲಗೆಗೆ ಮೊದಲ ಬಾರಿ ಒಂದು ಸುಳ್ಳೂ ಸಿಗಲಿಲ್ಲ.

“ಹಂಗಾದ್ರ ಗಾಡಿ ಮಾರೋದಿಲ್ಲೇನು ತಮ್ಮಾ?” ಎಂದರು ಮಹಾದೇವಪ್ಪ. ಅವರ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು.

“ಮಾರೋದಿಲ್ರಿ. ಅದು ಚಾಲೂನೇ ಇಲ್ಲ. ದಿನಾ ಬಸ್‌ಸ್ಟ್ಯಾಂಡಿನ ತನಕ ನೂಕಿಕೊಂಡೇ ಹೋಗ್ತೇನಿ.”

“ಯಾಕ?” ಎಂದಳು ಶಾರದಾ.

“ಕರಜಗಿ ಬಸ್ಸು ಬಂದಾಗ ಅದಕ್ಕ ಒರಗಿ ನಿಂದ್ರಾಕ. ನಾ ನಿಮ್ಮನ್ನ ದಿನಾ ನೋಡ್ತೇನಿ. ನೀವು ಒಂದ್ಸಲ ನನ್ನ ನೋಡಾಕ ಬರ್ಬೇಕು ಅಂತ ಇಷ್ಟೆಲ್ಲ ಮಾಡಿದೆ.”

ಆಕೆ ಅವ್ವನ ಕೈಯಿಂದ ಖಣ ತೆಗೆದುಕೊಂಡಳು. ಬಿಚ್ಚಿ ಅಂಚು ನೋಡಿದಳು. ಮತ್ತೆ ಮಡಚಿದಳು, ಆದರೆ ತಿರುಗಿ ಕೊಡಲಿಲ್ಲ.

“ಊರಿಗೆ ಕೇಳೋಹಂಗ ಮಾತಾಡೋರಿಗೆ, ನನ್ನ ಹತ್ರ ಬಂದು ನೆಟ್ಟಗ ಕೇಳಾಕ ಏನಾಗಿತ್ತು?”

“ಅಂಜಿಕಿ ಆಗಿತ್ರಿ,” ಎಂದೆ. “ಈಗೂ ಆಗಾಕತ್ತದ.”