ನಮ್ಮನೆಯವರು ಆಮೇಲೆ ಬರ್ತಾರೆ

"ನಿಲ್ಲಿ! ಅಲ್ಲೇ ನಿಲ್ಲಿ! ಕಾಲಿಡಬೇಡಿ!"

ಕೂಗು ಕೇಳಿ ಅವಳು ಗಾಬರಿಯಾದಳು. ಗಾಬರಿಯಲ್ಲಿ ಎತ್ತಿದ ಕಾಲನ್ನು ಸರಿಯಾಗಿ ಎಲ್ಲಿ ಇಡಬಾರದೋ ಅಲ್ಲೇ ಇಟ್ಟಳು. ಕಾಲು ಮೆತ್ತಗೆ ಒಳಗಿಳಿಯಿತು.

ಆಗತಾನೇ ನುಣುಪು ಮಾಡಿದ ಗಾರೆ ನೆಲ!

ಒಳಕೋಣೆಯಿಂದ ಒಬ್ಬ ಕರಣೆ ಹಿಡಿದುಕೊಂಡೇ ಓಡಿ ಬಂದ. ತಲೆ, ಹುಬ್ಬು, ಮೂಗಿನ ತುದಿ, ಎಲ್ಲಾ ಕಡೆ ಸುಣ್ಣ. ಸುಣ್ಣದ ನಡುವೆ ಎರಡು ಕಣ್ಣು ಮಾತ್ರ ಕೆಂಡದಂತೆ ಉರಿಯುತ್ತಿದ್ದವು.

"ಬೆಳಗಿಂದ ಬೆನ್ನು ಬಗ್ಗಿಸಿ ಮಾಡಿದ ಕೆಲಸ ರೀ ಇದು!"

"ಸಾರಿ... ಬಾಗಿಲಿರಲಿಲ್ಲ, ಅದಕ್ಕೆ ಒಳಗೆ ಬಂದೆ."

"ಬಾಗಿಲಿಲ್ಲ ಅಂದ್ರೆ ನೆಲಾನೂ ಇಲ್ಲ ಅಂತಾನಾ?"

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ನಗು! ತಡೆಯಲು ತುಟಿ ಕಚ್ಚಿಕೊಂಡಳು. ಅದನ್ನು ನೋಡಿ ಅವನ ಸಿಟ್ಟು ಅರ್ಧಕ್ಕೇ ಇಳಿಯಿತು. ಒಂದು ಹಲಗೆ ತಂದು ಅಡ್ಡ ಹಾಕಿ, ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ.

"ಕೈ ಕೊಡಿ. ಜೋಪಾನ."

ಅವಳು ಕೈ ಕೊಟ್ಟಳು. ಅಬ್ಬಾ, ಎಷ್ಟು ಒರಟು ಕೈ... ಆದರೆ ಹಿಡಿದದ್ದು ಎಷ್ಟು ಮೆತ್ತಗೆ! ಅವಳು ಹಲಗೆಗೆ ಬಂದಳು, ಚಪ್ಪಲಿ ಗಾರೆಯಲ್ಲೇ ಉಳಿಯಿತು. ಇಬ್ಬರೂ ಅದನ್ನೇ ನೋಡಿದರು. ಇಬ್ಬರಿಗೂ ಒಟ್ಟಿಗೇ ನಗು ಬಂತು.

"ಯಾರು ಬೇಕಿತ್ತು ನಿಮಗೆ?"

"ಇಲ್ಲಿ ಸೇರ್ಕೊಳ್ಳೋಕೆ ಬಂದಿದೀವಿ ನಾವು."

ಅವನು ಅವಳ ಹಿಂದೆ ಇಣುಕಿದ. ಅಲ್ಲಿ ಒಂದು ಹೊಲಿಗೆ ಯಂತ್ರ ಬಿಟ್ಟರೆ ಯಾರೂ ಇರಲಿಲ್ಲ.

"ನಾವು ಅಂದ್ರೆ?"

"ನಾನು ಮುಂಚೆ ಬಂದೆ. ನಮ್ಮನೆಯವರು ಆಮೇಲೆ ಬರ್ತಾರೆ."

ಇಲ್ಲೇ ನೋಡಿ ಎಡವಟ್ಟಾಗಿದ್ದು!

ಅವಳ ಪಾಲಿಗೆ 'ಮನೆಯವರು' ಅಂದರೆ ಮನೆಯಲ್ಲಿರುವವರು: ಅವಳ ಅಪ್ಪ ಮತ್ತು ಅಪ್ಪನ ತಂಗಿ. ಆದರೆ ಒಬ್ಬ ಹೆಂಗಸು 'ನಮ್ಮನೆಯವರು' ಅಂದರೆ ಕೇಳಿದವರು ಏನು ತಿಳಿಯುತ್ತಾರೆ ಹೇಳಿ? ಗಂಡ ಅಂತಲೇ! ಇನ್ನು 'ಬರ್ತಾರೆ' ಅನ್ನುವುದೋ, ಗೌರವಸ್ಥ ಒಬ್ಬನೇ ಬಂದರೂ ಬರ್ತಾರೆ, ದಿಬ್ಬಣವೇ ಬಂದರೂ ಬರ್ತಾರೆ.

ಅಲ್ಲಿಯವರೆಗೂ ಬಿಡಲು ಮರೆತಿದ್ದ ಅವಳ ಕೈಯನ್ನು ಅವನು ತಟ್ಟನೆ ಬಿಟ್ಟ.

"ಹೌದಾ... ಬರಲಿ, ಬರಲಿ," ಅಂದ. ಕರಣೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿದ.

'ಇದ್ದಕ್ಕಿದ್ದಂತೆ ಏನಾಯ್ತು ಇವನಿಗೆ?' ಅವಳಿಗೆ ಅರ್ಥವೇ ಆಗಲಿಲ್ಲ.

ಅವಳು ನಗರದಲ್ಲಿ ಟೈಲರ್. ಮೂರನೇ ಮಹಡಿಯ ಬಾಡಿಗೆ ಮನೆ. ಅಪ್ಪ ಬಸ್ ಓಡಿಸಿ ನಿವೃತ್ತರಾದವರು. ಒಡೆದ ಬಕೆಟ್, ಹಳೇ ಹೆಲ್ಮೆಟ್, ಬಿರುಕು ಬಿಟ್ಟ ವಾಷ್‌ಬೇಸಿನ್, ಹೀಗೆ ಮಣ್ಣು ನಿಲ್ಲುವ ಎಲ್ಲದರಲ್ಲೂ ಟೊಮೆಟೊ ಬೆಳೆದಿದ್ದರು. ತಾಯಿಯಿಲ್ಲದ ಅವಳನ್ನು ಸಾಕಿದ ಅತ್ತೆ ಬಚ್ಚಲಲ್ಲಿ ಕೋಳಿ ಸಾಕಿದ್ದಳು. ಸ್ನಾನಕ್ಕೆ ಹೋಗುವವರು ಕೋಳಿಗಳ ಅಪ್ಪಣೆ ಕೇಳಿ ಹೋಗಬೇಕಿತ್ತು.

ಒಂದು ದಿನ ಮನೆ ಮಾಲೀಕ ಬಾಗಿಲಲ್ಲಿ ನಿಂತು, "ಒಂದೋ ಕೋಳಿ ಹೋಗಬೇಕು, ಇಲ್ಲಾ ನೀವು ಹೋಗಬೇಕು," ಅಂದ.

"ಇಬ್ಬರೂ ಹೋಗ್ತೀವಿ ಬಿಡಿ," ಅಂದಳು ಅತ್ತೆ.

ಮಾತೇನೋ ಸುಲಭ. ಹೋಗುವುದೆಲ್ಲಿಗೆ? ಮಣ್ಣು ಕೆದಕಿ, ಕೋಳಿ ಸಾಕಿ, ನಾಲ್ಕು ಮಂದಿ ಜೊತೆ ಉಂಡು ಬಾಳಬೇಕು ಅನ್ನುವ ತಮ್ಮಂಥ ಹುಚ್ಚರನ್ನು ಮೂವರೂ ಹುಡುಕಿ ಹೊರಟರು. ಒಂದು ಕಡೆ ಮಧ್ಯಾಹ್ನದವರೆಗೂ ಮೌನ ಕಡ್ಡಾಯ. ಅತ್ತೆ ತಿಂಡಿಯ ಹೊತ್ತಿಗೇ ಉಸಿರುಗಟ್ಟಿ ಆಚೆ ಬಂದಳು. ಇನ್ನೊಂದು ಕಡೆ ಏನು ಬೆಳೆಯಬೇಕೆಂದು ದಿನವಿಡೀ ಸಭೆ. ಹೊರಗೆ ಆಳೆತ್ತರ ಕಳೆ. ಮಾತು ಮನೆ ಕೆಡಿಸಿತು ಅನ್ನುತ್ತಾರಲ್ಲ, ಅಲ್ಲಿ ಹೊಲವನ್ನೂ ಕೆಡಿಸಿತ್ತು!

ಕೊನೆಗೆ ಸಿಕ್ಕಿದ್ದು ಈ ತೋಟ. ಬೆರಳೆಣಿಕೆಯ ಕುಟುಂಬಗಳು. ಬೆಳೆಯುವುದು, ಕಟ್ಟುವುದು, ಅಡುಗೆ, ಜಗಳ, ಎಲ್ಲವೂ ಒಟ್ಟಿಗೆ. ಇಲ್ಲಿ ಎಲ್ಲರಿಗೂ ಕಸುಬೇ ಹೆಸರು. ಅವಳು ಬಂದ ದಿನವೇ 'ಟೈಲರ್' ಆದಳು. ಸುಣ್ಣದ ಮನುಷ್ಯ 'ಗಾರೆ'. ಮೇಕೆಗಳನ್ನೂ ಮನುಷ್ಯರನ್ನೂ ಒಂದೇ ದನಿಯಲ್ಲಿ ಗದರಿಸುವ ಹಿರಿಯಳು ಮಾತ್ರ 'ದೊಡ್ಡಮ್ಮ'.

"ನೋಡಮ್ಮ," ಎಂದಿದ್ದಳು ದೊಡ್ಡಮ್ಮ, "ಮೊದಲು ಮನೆಗೊಬ್ಬರು ಬಂದು ದುಡೀಬೇಕು. ಆಮೇಲೆ ಉಳಿದೋರು ಬರ್ತಾರೆ. ಅವತ್ತು ಎಲ್ಲರೂ ಒಪ್ಪಿ ಕೈ ಎತ್ತಬೇಕು. ಒಂದೇ ಒಂದು ಕೈ ಕೆಳಗಿದ್ರೂ ಮೂಟೆ ಕಟ್ಟಬೇಕಾಗುತ್ತೆ. ಜಗಳ ಆಡೋದಿದ್ರೆ ಈಗಲೇ ಆಡಿಬಿಡು."

ಅವಳು ಮನಸ್ಸಿಟ್ಟು ದುಡಿದಳು. ಕುಂಬಳದ ಪಾತಿಗೆ ಗೊಬ್ಬರ ಹೊತ್ತಳು, ಮೇಕೆಯ ಒದೆ ತಿಂದಳು, ಎಲ್ಲರ ಹರಿದ ಬಟ್ಟೆಗೂ ತೇಪೆ ಹಾಕಿದಳು. ಗಾರೆಯ ಅಂಗಿಯೊಂದು ಮಾತ್ರ ಅವಳ ಯಂತ್ರದ ಹತ್ತಿರ ಬರಲೇ ಇಲ್ಲ. ಅವನು ಗುಂಡಿಯ ಜಾಗಕ್ಕೆ ತಂತಿ ಸುತ್ತಿಕೊಂಡು ಓಡಾಡುತ್ತಿದ್ದ.

ಅವಳು ಕಾಲಿಟ್ಟ ಆ ಮನೆಯೇ ಅವಳ ಕುಟುಂಬಕ್ಕೆಂದು ಆಯಿತು. ಹಾಗಾಗಿ ಅವನು ಆಗಾಗ ಏನಾದರೂ ಕೇಳಲೇಬೇಕಾಗುತ್ತಿತ್ತು. ಕೇಳುವಾಗ ಮುಖ ಗೋಡೆಯ ಕಡೆಗೆ.

"ನಿಮ್ಮನೆಯವರಿಗೆ ಮೆಟ್ಟಿಲು ಹತ್ತೋಕೆ ಆಗುತ್ತಾ?"

"ಎಲ್ಲಿ ಆಗುತ್ತೆ! ಮಂಡಿನೋವು."

ಅವನ ಕೈ ನಿಂತಿತು. "ಇಷ್ಟು ಬೇಗ?"

"ಬೇಗ ಏನು, ಹಲ್ಲೂ ಹೋಗಿದೆ. ಕಟ್ಟಿಸಿಕೊಂಡಿದಾರೆ. ಸಿಟ್ಟು ಬಂದ್ರೆ ತೆಗೆದು ಲೋಟದಲ್ಲಿ ಹಾಕಿಬಿಡ್ತಾರೆ."

"ನಿಮ್ಮ ಮೇಲೂ ಸಿಟ್ಟು ಮಾಡ್ಕೋತಾರಾ?"

"ಈಗಿಲ್ಲ. ನಾನು ಚಿಕ್ಕವಳಿದ್ದಾಗ ಮಾಡ್ಕೋತಿದ್ರು. ಆಗೆಲ್ಲ ಅತ್ತೆ ಅಡ್ಡ ಬರ್ತಿದ್ರು."

ಕರಣೆ ಠಣ್ಣೆಂದು ಕೆಳಗೆ ಬಿತ್ತು!

ಪಾಪ, ಅವನ ತಲೆಯೊಳಗೆ ಏನೆಲ್ಲ ಓಡಿತೋ. ಚಿಕ್ಕವಳಿದ್ದಾಗಲೇ ಮದುವೆ, ಹಲ್ಲಿಲ್ಲದ ಗಂಡ, ಮೇಲೊಬ್ಬಳು ಅತ್ತೆ! ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ ಎಂದು ಮಾಡಿಟ್ಟ ನಮ್ಮ ಹಿರಿಯರಿಗೆ ಕೈ ಮುಗಿಯಬೇಕು. ದೊಡ್ಡಮ್ಮನನ್ನು ಒಂದು ಮಾತು ಕೇಳಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು. ಬಾಯಿಬಿಟ್ಟರೆ ಮನಸ್ಸೇ ಹೊರಬಿದ್ದೀತೆಂಬ ಭಯ.

"ಅತ್ತೆ... ಅವರೂ ಬರ್ತಾರಾ?" ಎಂದ ಸಣ್ಣ ದನಿಯಲ್ಲಿ.

"ಅವರಿಲ್ದೆ ಹೇಗೆ? ಕೋಳಿ ಸಮೇತ ಬರ್ತಾರೆ!"

"ಸರಿ... ಬರ್ತೀನಿ, ಅಕ್ಕಾ."

ಅಕ್ಕಾ?!

'ಅಕ್ಕ ಅಂತೆ ಅಕ್ಕ! ನಾನು ಇವನಿಗಿಂತ ಚಿಕ್ಕವಳು!' ಅಂದಿನಿಂದ ಶುರು. ನೀರು ಕೊಡಿ ಅಕ್ಕಾ. ಆಚೆ ಸರೀರಿ ಅಕ್ಕಾ. ಕನ್ನಡದಲ್ಲಿ ಉಳಿದ ಪದಗಳೆಲ್ಲ ಸತ್ತುಹೋದಂತೆ...

ತಡೆಯಲಾರದೆ ಫೋನಿನಲ್ಲಿ ಅತ್ತೆಗೆ ಹೇಳಿಕೊಂಡಳು.

"ಎಷ್ಟು ಸಲ ಅಂದ?" ಎಂದಳು ಅತ್ತೆ.

"ಮಾತಿಗೊಂದು ಸಲ."

"ಹಾಗಾದ್ರೆ ಏನೋ ಇದೆ ಕಣೇ. ಒಡಹುಟ್ಟಿದ ತಮ್ಮಂದಿರೇ ಅಷ್ಟೊಂದು ಸಲ ಅಕ್ಕ ಅನ್ನಲ್ಲ!"

ಅತ್ತೆಯ ಮಾತಿಗೆ ಅವಳು ನಕ್ಕಳು. ಆ ನಗು ಬಹಳ ದಿನ ಉಳಿಯಲಿಲ್ಲ. ಅಪ್ಪ, ಅತ್ತೆ ಬರುವ ದಿನ ಬೆಳಿಗ್ಗೆ ದೊಡ್ಡಮ್ಮ ಹಾಲು ಕರೆಯುತ್ತಾ ಹೇಳಿದಳು:

"ಗಾರೆ ತೋಟ ಬಿಟ್ಟು ಹೋಗ್ತಾನಂತೆ. ನಿಮ್ಮನೆ ಮುಗಿಸಿದ್ದೇ ಕೊನೆಯಂತೆ. ಇವತ್ತು ಕೈನಾದ್ರೂ ಎತ್ತಿ ಹೋಗೋ ಅಂದೆ. ತುಟಿ ಬಿಚ್ಚಲಿಲ್ಲ."

ಅವಳ ಕೈಯಲ್ಲಿದ್ದ ಬಕೆಟ್ ಜಾರಿತು. ನಾನು ಇಲ್ಲೇ ಉಳಿಯುತ್ತೇನೆಂದು ಇವನು ಊರೇ ಬಿಡುತ್ತಿದ್ದಾನಾ? ಅಷ್ಟು ಬೇಡವಾದೆನಾ? ಮನೆ ಖಾಲಿ ಮಾಡಿ ಅಪ್ಪ ಆಗಲೇ ಟೊಮೆಟೊ ಗಿಡಗಳ ಜೊತೆ ಗಾಡಿ ಹತ್ತಿಯಾಗಿದೆ. ಅವನೊಬ್ಬನ ಕೈ ಏಳದಿದ್ದರೆ ಆ ಮುದುಕನನ್ನು ಎಲ್ಲಿಗೆ ಕರೆದೊಯ್ಯಲಿ...?

ಗಾಡಿ ಬಂದೇಬಿಟ್ಟಿತು. ಎಲ್ಲರೂ ಅಂಗಳದಲ್ಲಿ ಸೇರಿದರು. ಗಾರೆ ದೂರದಲ್ಲಿ, ಚೀಲ ಹೆಗಲಿಗೇರಿಸಿ ನಿಂತಿದ್ದ. ಮೊದಲು ಇಳಿದದ್ದು ಅಪ್ಪ. ಬೆಳ್ಳಗಿನ ತಲೆ, ಬಗ್ಗಿದ ಸೊಂಟ, ಅಪ್ಪಿ ಹಿಡಿದ ಟೊಮೆಟೊ ಹೆಲ್ಮೆಟ್. ದಾರಿಯುದ್ದಕ್ಕೂ ಡ್ರೈವರನ ಜೊತೆ ಜಗಳವಾಡಿದ್ದರಿಂದ ಹಲ್ಲು ಜೇಬಿನಲ್ಲಿತ್ತು.

"ಇವರು ನಮ್ಮನೆಯವರು," ಅಂದಳು ಅವಳು ಎಲ್ಲರಿಗೂ.

ಹಿಂದೆಯೇ ಕೋಳಿ ಬುಟ್ಟಿ ಹೊತ್ತು ಅತ್ತೆ ಇಳಿದಳು. ಕಪ್ಪು ಕೂದಲು, ಗಟ್ಟಿ ಮೈ.

"ಇವರು ಅತ್ತೆ."

ಗಾರೆ ಅವರನ್ನು ನೋಡಿದ, ಇವರನ್ನು ನೋಡಿದ. ಮಗನಿಗಿಂತ ತಾಯಿ ಚಿಕ್ಕವಳು! ಲೆಕ್ಕ ಎಲ್ಲೂ ಕೂಡಲಿಲ್ಲ. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಉಕ್ಕಿತು.

"ಯಜಮಾನ್ರೇ! ತಪ್ಪು ತಿಳ್ಕೋಬೇಡಿ. ನಿಮ್ಮ ವಯಸ್ಸಿಗೆ ಇಂಥ ಹುಡುಗೀನ ಕಟ್ಕೊಳ್ಳೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಅತ್ತೆ ಕೋಳಿ ಬುಟ್ಟಿ ಕೆಳಗಿಟ್ಟಳು.

"ಕಟ್ಕೊಳ್ಳೋದಾ?" ಎಂದಳು ಅತ್ತೆ. "ಅಯ್ಯೋ ನಿನ್ನ! ಅವಳು ನಮ್ಮಣ್ಣನ ಮಗಳು ಕಣಪ್ಪಾ!"

ಗಾರೆಯ ಮುಖ ಇಂಗು ತಿಂದ ಮಂಗನಂತಾಯಿತು. ತಿರುಗಿ ಹೊಸ ಮನೆಯೊಳಗೆ ಓಡಿಹೋದ. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೈ ಎತ್ತಿದಳು. ಒಂದೊಂದಾಗಿ ಎಲ್ಲ ಕೈಗಳೂ ಎದ್ದವು.

"ಒಂದು ಕೈ ಕಡಿಮೆ ಇದೆ," ಎಂದಳು ದೊಡ್ಡಮ್ಮ. "ಹೋಗಮ್ಮ ಟೈಲರ್, ಕರ್ಕೊಂಡು ಬಾ."

ಅವಳು ಹೊಸ ಮನೆಯತ್ತ ನಡೆದಳು. ಬಾಗಿಲ ಬಳಿ ಕೂರಲು ಕಟ್ಟೆ, ಮಂಡಿನೋವಿನವರಿಗೆಂದೇ ಎತ್ತರ ಅಳೆದು ಕಟ್ಟಿದ್ದು. ಎಲ್ಲೂ ಮೆಟ್ಟಿಲಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ. ಪಕ್ಕದಲ್ಲೇ ಕೋಳಿಗೂಡು. ಇದೆಲ್ಲ ಅವನು ಮಾಡಿದ್ದು ಯಾರಿಗೆಂದು ತಿಳಿದು...? ತನ್ನ ಆಸೆಗೆ ಅಡ್ಡ ಬಂದವನ ಮೊಣಕಾಲು ನೋಯಬಾರದೆಂದು!

ಅವನು ಒಳಗೆ ನೆಲದ ಮೇಲೆ ಕೂತಿದ್ದ. ಪಕ್ಕದಲ್ಲೇ ಅವಳ ಹೆಜ್ಜೆಯ ಗುರುತು, ಚಪ್ಪಲಿಯ ಪಟ್ಟಿಯ ಸಮೇತ ಗಟ್ಟಿಯಾಗಿತ್ತು.

"ಇದನ್ಯಾಕೆ ಅಳಿಸಲಿಲ್ಲ?"

"ಅಳಿಸೋಕೆ ಕೂತೆ. ಕೈ ಬರಲಿಲ್ಲ."

"ಹೊರಟಿದ್ದು ಯಾಕೆ?"

"ಪಕ್ಕದ ಮನೇಲಿದ್ಕೊಂಡು ಜೀವನ ಪೂರ್ತಿ ನಿಮ್ಮನ್ನ ಅಕ್ಕ ಅನ್ನೋಕೆ ನನ್ನಿಂದ ಆಗ್ತಿರಲಿಲ್ಲ." ತಲೆ ಎತ್ತದೆ ಹೇಳಿದ. "ಮೊದಲನೇ ದಿನ ನೆಲ ಹಾಳು ಮಾಡಿ ನಕ್ಕಿರಲ್ಲ... ಅವತ್ತೇ ಇಷ್ಟ ಆಗಿಹೋದ್ರಿ."

ಅವಳ ಕಣ್ಣು ಮಂಜಾಯಿತು. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದಳು.

"ಹೊರಗೆ ಒಂದು ಕೈ ಕಡಿಮೆ ಬಿದ್ದಿದೆ. ಕೊಡಿ."

"ನಾನು ಕೈ ಕೊಡೋನಲ್ಲ ರೀ," ಎಂದ ಅವನು, ಮೊದಲ ಸಲ ಅವಳನ್ನು ನೇರ ನೋಡಿ. "ಹಿಡಿಯೋನು."

ಹಿಡಿದ. ಅದೇ ಒರಟು ಕೈ. ಈ ಸಲ ಬಿಡಲಿಲ್ಲ. ಹಾಗೆಯೇ ಅಂಗಳಕ್ಕೆ ಬಂದು, ಅವಳ ಕೈಯನ್ನೂ ಸೇರಿಸಿಯೇ ಮೇಲಕ್ಕೆತ್ತಿದ. ತೋಟವೆಲ್ಲ ಹೋ ಎಂದಿತು. ಅಪ್ಪ ಗಡಿಬಿಡಿಯಲ್ಲಿ ಹಲ್ಲು ಹಾಕಿಕೊಂಡರು.

"ಯಾರಮ್ಮಾ ಈ ಹುಡುಗ?"

"ಅಪ್ಪಾ... ಇವರು... ನಮ್ಮನೆಯವರು."

"ನಮ್ಮನೆಯವರು ಅಂದ್ರೆ ನಾವಲ್ವೇನೇ?"

"ಸುಮ್ನಿರಣ್ಣ," ಎಂದು ಅತ್ತೆ ತಿವಿದಳು. "ಇದು ಬೇರೆ."

ಗಾರೆ ಅವಳ ಕಿವಿಯ ಬಳಿ ಬಗ್ಗಿದ. "ಅವತ್ತೇ ಸ್ವಲ್ಪ ಬಿಡಿಸಿ ಹೇಳಬಾರದಿತ್ತಾ?"

"ಹೇಳಿದ್ನಲ್ಲ," ಎಂದು ಅವಳು ಅವನ ಅಂಗಿಯ ತಂತಿ ಬಿಚ್ಚುತ್ತಾ ನಕ್ಕಳು, "ನಮ್ಮನೆಯವರು ಆಮೇಲೆ ಬರ್ತಾರೆ ಅಂತ!"