ಮೈಂಡ್ ಮಾಡದ ಹುಡುಗ

"ಐ ಡೋಂಟ್ ಮೈಂಡ್!"

ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ಸ್ಪಂದನಾ ಬಾಗಿಲಲ್ಲೇ ನಿಂತುಬಿಟ್ಟಳು.

ಹೊಳೆನರಸೀಪುರದ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ ಅವಳು. ಹಿಂದೊಮ್ಮೆ ನಿಶ್ಚಿತಾರ್ಥವಾಗಿ ಮುರಿದಿತ್ತು. ಈಗ ನೋಡಲು ಬಂದಿದ್ದವನು ಅರಕಲಗೂಡಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ದಿಲೀಪ್. ಸೋದರತ್ತೆ ಅನಸೂಯಮ್ಮ ಆ ಹಳೆಯ ವಿಷಯ ಎತ್ತಿದ್ದಕ್ಕೆ ಅವನ ಉತ್ತರ ಇದು.

ಅಭ್ಯಂತರವಿಲ್ಲವಂತೆ! ಸಂತೆಯಲ್ಲಿ ಒಂದು ಬದಿ ಜಜ್ಜಿದ ಕುಂಬಳಕಾಯಿ ನೋಡಿ 'ಪರವಾಗಿಲ್ಲ, ಕೊಡಿ' ಅಂದಹಾಗೆ… ಎಂಥ ಔದಾರ್ಯ!

ತಟ್ಟೆಯನ್ನು ಅವನ ಮುಂದೆ ಟಣ್ಣನೆ ಇಟ್ಟಳು.

"ನಿಮಗೆ ಅಭ್ಯಂತರ ಇಲ್ಲದಿರಬಹುದು. ನನಗಿದೆ. ತಿಂದು ಹೊರಡಿ."

"ಲೇ ಸ್ಪಂದನಾ!" ತಂದೆ ತಿಮ್ಮಪ್ಪ ಗದರಿದರು.

ದಿಲೀಪ್ ಎದ್ದು ಹೊರಟ. ಉಪ್ಪಿಟ್ಟು ಹಾಗೇ ಆರಿತು.

ಆ ಬೇಸಿಗೆಯಲ್ಲಿ ಸ್ಪಂದನಾ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೊರಟಿದ್ದಳು. ಹಿರೀಸಾವೆಯ ಹೋಟೆಲಿನ ಮುಂದೆ ಬಸ್ಸು ಕಾಫಿಗೆ ನಿಂತಿತು. ಎದುರಿನ ಮೇಜಿನಲ್ಲಿ ಅವನೇ!

"ಚೆನ್ನಾಗಿದ್ದೀರಾ ಮೇಡಂ?"

"ನಿಮಗೇನು? ಯೂ ಡೋಂಟ್ ಮೈಂಡ್, ಅಲ್ವಾ?" ಅವಳ ತುಟಿ ಸೊಟ್ಟಗಾಯಿತು.

"ಅಲ್ಲ ಕಣ್ರೀ… 'ಊರೋರು ಬಾಯಿಗ್ ಬಂದಂಗೆ ಆಡ್ತಾರೆ ಕಣಪ್ಪ' ಅಂದ್ರು ನಿಮ್ಮತ್ತೆ. ಊರೋರ ಮಾತ ನಾನ್ಯಾಕೆ ಮೈಂಡ್ ಮಾಡ್ಲಿ? ಅದಕ್ಕೆ ಅಂಗಂದೆ."

ಅವಳು ಕಾಫಿ ಲೋಟ ಕೆಳಗಿಟ್ಟಳು.

'ಅವನನ್ನ ಮೈಂಡ್ ಮಾಡ್ಬೇಡ ಬಾರೇ…' ಅವಳ ವಿದ್ಯಾರ್ಥಿನಿಯರು ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಆಡುವ ಮಾತು! ಅವತ್ತು ಅವಳ ಕಿವಿಗೆ ನಿಘಂಟಿನ ಅರ್ಥವಷ್ಟೇ ಕೇಳಿಸಿತ್ತು. ಎಂಥ ಪಂಡಿತೆ ನಾನು! ತಿರಸ್ಕಾರ ಈಗ ತಿರುಗಿ ತನ್ನ ಮೇಲೇ ಬಿತ್ತು.

ಆದರೂ ಸೋಲಲು ಮನಸ್ಸಾಗಲಿಲ್ಲ. "ದರಿದ್ರ ಇಂಗ್ಲಿಷು ನಿಮ್ಮದು! ಅವತ್ತೇ ಹೇಳ್ಬಾರದಿತ್ತಾ?"

"ಹೊರಡಿ ಅಂದ್ಬುಟ್ರಲ್ಲ. ಇಂಗ್ಲಿಷ್ ಮೇಡಂಗೆ ಇಂಗ್ಲಿಷ್ ಅರ್ಥ ಹೇಳೋ ಧೈರ್ಯ ಯಾರಿಗಿದ್ದಾತು?"

ಅವಳು ತಲೆ ತಗ್ಗಿಸಿದಳು. "'ಮೈಂಡ್' ಅನ್ನೋ ಪದದ ಹಳೇ ಅರ್ಥ ನೆನಪಿಟ್ಕೊಳ್ಳೋದು. ಆಮೇಲೆ ಗಮನ ಕೊಡೋದು, ನೋಡ್ಕೊಳ್ಳೋದು. ಅಭ್ಯಂತರ ಬಂದಿದ್ದು ಎಷ್ಟೋ ಕಾಲದ ಮೇಲೆ."

"ನಮ್ಮ ವಿಷಯದಲ್ಲಿ ಅದೇ ಮೊದಲು ಬಂದ್ಬುಡ್ತು!"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಹೊರಗೆ ಕಂಡಕ್ಟರ್ ಸೀಟಿ ಊದಿದ.

"ದಿಲೀಪ್… ಇನ್ನೊಂದ್ಸಲ ಮನೆಗೆ ಬರ್ತೀರಾ?"

"ಬರ್ತೀನಿ. ಹಳೇ ಅರ್ಥದಲ್ಲಿ ಹೇಳ್ಬೇಕಂದ್ರೆ, ಉಪ್ಪಿಟ್ಟು ಬಿಟ್ಟು ಬಂದಾಗ್ನಿಂದ ನಿಮ್ಮನ್ನ ಮೈಂಡ್ ಮಾಡ್ತಾನೇ ಇದ್ದೀನಿ."

"ಆಮೇಲಿನ ಅರ್ಥ?"

"ನೋಡ್ಕೋತೀನಿ ಕಣ್ರೀ… ಕೊನೇ ಅರ್ಥ ಮಾತ್ರ ನೀವೇ ಹೇಳ್ಬೇಕು. ಅಭ್ಯಂತರ ಇದೆಯಾ?"

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವಳು ಹಿಂದಿರುಗಿ ನೋಡಿದಳು.

"ಐ ಡೋಂಟ್ ಮೈಂಡ್."